ಮೂವತ್ತೇಳು, ಎಪ್ಪತ್ತಮೂರು

ಬಿಲ್ಲಿನ ಬೆನ್ನ ಮೇಲೇ ಲೆಕ್ಕ ಬರೆದೆ.
ಹಗಲಿಡೀ ಫೋರ್ಟಿನ ಕ್ಯಾಂಟೀನಿನ ಗಲ್ಲಾದಲ್ಲಿ ಕೂತು
ಕಂಡವರ ಚಿಲ್ಲರೆ ಎಣಿಸಿ, ಸ್ಲೋ ಲೋಕಲ್ ಹಿಡಿದು
ಭಾಂಡುಪಿನಲ್ಲಿ ಇಳಿದವನಿಗೆ
ಸ್ವಂತದ ಲೆಕ್ಕವೆಂದರೆ ನಿದ್ದೆ ಬರುತ್ತದೆ.
ಅಂದು ಬರಲಿಲ್ಲ:
ನಾವು ಮಾಡಿದ ಕರೆ ಹನ್ನೊಂದು,
ಬಾಡಿಗೆ, ತೆರಿಗೆ, ತಡ ಮಾಡಿದ್ದಕ್ಕೆ ದಂಡ,
ಭಾಗಿಸಿದರೆ ಕರೆಗೆ ಮೂವತ್ತೆರಡು ರೂಪಾಯಿ ಚಿಲ್ಲರೆ.
ಅಷ್ಟಕ್ಕೆ ನಮ್ಮ ಕ್ಯಾಂಟೀನಿನಲ್ಲಿ ಒಂದು ಮಸಾಲೆ,
ಚಟ್ನಿ ಎಷ್ಟು ಸಲ ಕೇಳಿದರೂ ಪುಕ್ಕಟೆ.

‘ಅದರಲ್ಲಿ ನಾಲ್ಕು, ಲೈನು ಗರಗರ ಅನ್ನುತ್ತದೆ ಅಂತ
ಫೋನಿನವರಿಗೇ ಮಾಡಿದ್ದು’ ಅಂದಳು ವಾರಿಜ.

ಹೊಸ ಕಂಪೆನಿಯ ಹುಡುಗ ಸ್ವಪ್ನಿಲ್ ಬಂದ,
ಕೊರಳಿಗೆ ಟೈ, ಕಾಲಿಗೆ ರಬ್ಬರು ಚಪ್ಪಲಿ.
ಅರ್ಧಕ್ಕರ್ಧ ಉಳಿತಾಯ ಅಂಕಲ್,
ಊರಿಗೆ ಮಾತಾಡಿದರೂ ಪಕ್ಕದ ಬೀದಿಯ ದರ.
ಎಲ್ಲಕ್ಕೂ ಹೂಂ ಅಂದೆ.
ನಂಬರು ಮಾತ್ರ ಬೇರೆ, ಅಂದ ಎದ್ದು ಹೋಗುವಾಗ,
ಊಟದ ಬಿಲ್ಲಿಗೆ ಕಡೆಯಲ್ಲೊಂದು ಚಾ ಸೇರಿಸಿದ ಹಾಗೆ.

ನಂಬರು.
ಅದು ನಮ್ಮೊಬ್ಬರದೇ ಆಗಿರಲಿಲ್ಲ.
ಚಾಳಿನ ಏಳು ಮನೆಗಳ ಲಗ್ನಪತ್ರಿಕೆಯಲ್ಲಿ
‘ಪಿ.ಪಿ.’ ಅಂತ ಅಚ್ಚಾದದ್ದು.
ಗಾಂವಕರ್ ಕಾಕುವಿಗೆ ನಾಸಿಕದಲ್ಲಿ ಮೊಮ್ಮಗಳು ಹುಟ್ಟಿದ್ದನ್ನು
ಬನಿಯನ್ನಿನಲ್ಲೇ ಓಡಿ ಹೋಗಿ ನಾನು ಕೂಗಿದ್ದು.
ಈಗ ಏಳೂ ಮನೆಯ ಜೇಬಿನಲ್ಲಿ ಮೊಬೈಲು.
ನಮಗೆ ಉಳಿದವರು ಗ್ಯಾಸಿನವರು.

ಅಂದರೆ, ಗ್ಯಾಸ್ ಏಜೆನ್ಸಿಯ ನಂಬರಿನ ಕೊನೆ ಎಪ್ಪತ್ತಮೂರು,
ನಮ್ಮದು ಮೂವತ್ತೇಳು.
ಹದಿನೆಂಟು ವರ್ಷ ಭಾಂಡುಪಿನ ಅರ್ಧ ಅಡುಗೆಮನೆ
ಒಲೆ ಆರಿದೊಡನೆ ನಮ್ಮನ್ನು ಬೈದಿದೆ.
ವಾರಿಜ ಮೊದಮೊದಲು ರಾಂಗ್ ನಂಬರ್ ಅಂದು ಇಡುತ್ತಿದ್ದಳು.
ಬರುಬರುತ್ತಾ, ‘ಬುಧವಾರ ಅವರಿಗೆ ರಜೆ,
ಅಲ್ಲಿವರೆಗೆ ಸ್ಟೋವ್ ಹಚ್ಚಿಕೊಳ್ಳಿ’ ಅನ್ನುವಷ್ಟು ಪಳಗಿದಳು.
ಒಬ್ಬಳು ಅತ್ತೇಬಿಟ್ಟಳಂತೆ,
ಮಗಳನ್ನು ನೋಡಲು ಬಂದವರು ಹಾಲಿನಲ್ಲಿ ಕೂತಿದ್ದಾರೆ ಅಂತ.
ಅವಳ ಮನೆಗೆ ನಮ್ಮ ಎರಡನೇ ಸಿಲಿಂಡರು ಹೋಯಿತು.
ವಾಪಸು ಬಂತು, ಮೇಲೆ ನಾಲ್ಕು ಪೇಢೆ.

ಉಳಿತಾಯದ ಕಾಲಮಿನಲ್ಲಿ ಇದನ್ನೆಲ್ಲಿ ಬರೆಯಲಿ?
ಬರೆಯಲಿಲ್ಲ. ಫಾರ್ಮಿಗೆ ಸಹಿ ಹಾಕಿದೆ.

ಸರಕಾರಿ ಆಫೀಸಿನ ಕಿಟಕಿಯಲ್ಲಿ
ವಾರಿಜ ಹೆಣೆದ ಕ್ರೋಶಾ ಟೋಪಿ ತೆಗೆದು
ಹಳೆ ಫೋನು ಒಪ್ಪಿಸಿದೆ.
‘ವಯರ್ ಎಲ್ಲಿ?’ ಅಂದ ಗುಮಾಸ್ತ.
ಅದಕ್ಕೆ ಇನ್ನೊಂದು ದಿನ, ಇನ್ನೊಂದು ರಜೆ.
ಡಿಪಾಜಿಟ್ಟು ಬರುತ್ತದಂತೆ. ಬರಲಿ.

ಹೊಸ ಫೋನು ಹಗುರ,
ರಿಸೀವರ್ ಎತ್ತಿದರೆ ಇಡೀ ಫೋನೇ ಎದ್ದು ಬರುತ್ತದೆ.
ಮೊದಲ ವಾರ ಸುಮ್ಮನಿತ್ತು.
ಗಣಪತಿಗೆ ನಾಲ್ಕು ದಿನ ಇರುವಾಗ ಬಡಿದುಕೊಂಡಿತು:
‘ಶೇವಂತಾಬಾಯಿ ಆಹೇತ್ ಕಾ?
ಇಪ್ಪತ್ತೊಂದು ಮೋದಕ ಬೇಕಿತ್ತು.’
ಆಮೇಲೆ ಇನ್ನೊಬ್ಬರು. ಐವತ್ತೊಂದು.
ಯಾರೋ ಶೇವಂತಾಬಾಯಿ ಒಂದು ರಾತ್ರಿ
ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದು
ಈ ನಂಬರು ಬಿಟ್ಟು ಎದ್ದುಹೋಗಿದ್ದಾಳೆ,
ಇನ್ನೂ ಅಗ್ಗದ ಕಂಪೆನಿಗೆ.
ಸ್ವಪ್ನಿಲ್‌ನನ್ನು ಕೇಳೋಣವೆಂದರೆ
ಅವನೂ ಕಂಪೆನಿ ಬದಲಿಸಿದ್ದ.

ಐದನೇ ಕರೆಗೆ ವಾರಿಜ ಸೆರಗಿಗೆ ಕೈ ಒರೆಸಿಕೊಂಡು,
‘ಬಾಯಿ ಇಲ್ಲ’ ಅಂದಳು. ಒಂದು ಉಸಿರು ಬಿಟ್ಟು,
‘ನಾನು ಮಾಡಿಕೊಡಬಲ್ಲೆ.
ನಮ್ಮದರಲ್ಲಿ ಏಲಕ್ಕಿ ತುಸು ಮುಂದೆ.’

ಹಳೆ ಬಿಲ್ಲಿನ ಬೆನ್ನಲ್ಲಿ ಇನ್ನೂ ಜಾಗವಿತ್ತು.
ಅಕ್ಕಿಹಿಟ್ಟು, ಕಾಯಿ, ಬೆಲ್ಲ ಅಂತ ಬರೆಯುತ್ತ ಹೋದೆ.
ಇಷ್ಟು ಬೇಯಿಸಲು ಗ್ಯಾಸು ಸಾಲದು ಅಂತ
ಅವಳು ಫೋನೆತ್ತಿದಳು,
ಬೆರಳು ತನ್ನಷ್ಟಕ್ಕೆ ಮೂವತ್ತೇಳು ಒತ್ತಿತು.
ಆ ಕಡೆಯಿಂದ ಹೆಣ್ಣುದನಿ, ಮರಾಠಿಯಲ್ಲಿ, ಹಿಂದಿಯಲ್ಲಿ:
ಈ ನಂಬರು ಅಸ್ತಿತ್ವದಲ್ಲಿಲ್ಲ.

ವಾರಿಜ ಪೂರ್ತಿ ಕೇಳಿಸಿಕೊಂಡು ಕೆಳಗಿಟ್ಟಳು.
‘ಬುಧವಾರ ರಜೆ ಅಂತಲೂ ಹೇಳಲಿಲ್ಲ’ ಅಂದಳು.